ಒಂಟೆಯವರು ಕಟ್ಟಿದ ಮಸೀದಿ

ಅಡಿಲೇಡಿಗೆ ‘ಚರ್ಚುಗಳ ನಗರ’ ಎಂಬ ಹೆಸರಿದೆ. ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ಈ ರಾಜಧಾನಿಯಲ್ಲಿ ಯಾವ ದಿಕ್ಕಿಗೆ ಹೊರಟರೂ ಒಂದಲ್ಲ ಒಂದು ಗೋಪುರ ಕಣ್ಣಿಗೆ ಬೀಳುತ್ತದೆ. 1837ರಲ್ಲಿ ಕರ್ನಲ್ ವಿಲಿಯಂ ಲೈಟ್ ಅಳತೆ ಮಾಡಿ ಗೆರೆ ಎಳೆದುಕೊಟ್ಟ ಊರು ಇದು. ಬೀದಿಗಳೆಲ್ಲ ನೆಟ್ಟಗೆ, ಊರಿನ ಸುತ್ತ ಹಸಿರು ಬಯಲು. ದಾರಿ ತಪ್ಪಬೇಕೆಂದರೂ ತಪ್ಪುವಂತಿಲ್ಲ. ಆದರೂ ಲಿಟಲ್ ಗಿಲ್ಬರ್ಟ್ ಸ್ಟ್ರೀಟನ್ನು ನಾಲ್ಕಾರು ಜನರಲ್ಲಿ ಕೇಳಿಕೊಂಡೇ ಹೋಗಬೇಕಾಯಿತು. ಹೆಸರಿಗೆ ಸ್ಟ್ರೀಟ್ ಆದರೂ ಅದೊಂದು ಓಣಿ. ಸೆಂಟ್ರಲ್ ಮಾರ್ಕೆಟ್ಟಿನ ತರಕಾರಿ ಅಂಗಡಿಗಳನ್ನೂ ಕಾಫಿಯ ವಾಸನೆಯನ್ನೂ ಹಿಂದೆ ಬಿಟ್ಟು ನೈಋತ್ಯದ ಮೂಲೆಗೆ ನಡೆದರೆ ಹಳೆಯ ಒಂಟಿ ಮಹಡಿಯ ಮನೆಗಳು ಸಾಲುಗಟ್ಟುತ್ತವೆ. ಆ ಮನೆಗಳ ಮಾಡಿನ ಮೇಲಿಂದ ನಾಲ್ಕು ತೆಳ್ಳನೆಯ ಬಿಳಿ ಮಿನಾರುಗಳು ಕಾಣಿಸಿದವು.

ಆಸ್ಟ್ರೇಲಿಯಾದ ನಗರಗಳಲ್ಲಿ ಇವತ್ತಿಗೂ ಉಳಿದಿರುವ ಅತಿ ಹಳೆಯ ಮಸೀದಿ ಇದು. 1888–89ರಲ್ಲಿ ಕಟ್ಟಿದ್ದು. ಮಿನಾರುಗಳು ಆಮೇಲೆ, 1903ರಲ್ಲಿ ಬಂದವು. ನೀಲಿ ಛಾಯೆಯ ಸ್ಥಳೀಯ ಕಲ್ಲಿನ ಗೋಡೆ, ಆಡಂಬರವಿಲ್ಲದ ಚೌಕಾಕಾರ. ಮಿನಾರುಗಳನ್ನು ಕೈಯಿಂದ ಮರೆಮಾಡಿ ನೋಡಿದರೆ ಅಕ್ಕಪಕ್ಕದ ಮನೆಗಳದೇ ಕಲ್ಲು, ಅದೇ ಗಾರೆ ಕೆಲಸ. ಊರಿನವರು ಮನೆ ಕಟ್ಟುವ ಹಾಗೆಯೇ ಇವರೂ ತಮ್ಮ ಪ್ರಾರ್ಥನೆಯ ಮನೆಯನ್ನು ಕಟ್ಟಿಕೊಂಡಿದ್ದರು. ಹಣ ಸೇರಿಸಿದ್ದು ಒಂಟೆ ಹೊಡೆಯುತ್ತಿದ್ದವರು. ಮುಂದೆ ನಿಂತು ಕೆಲಸ ಮಾಡಿಸಿದವರು ಕಂದಹಾರ್ ಮೂಲದ ಹಾಜಿ ಮುಲ್ಲಾ ಮೆರ್ಬಾನ್ ಎಂಬ ಧರ್ಮಗುರು.

ಅಂದು ಶುಕ್ರವಾರ. ಜುಮ್ಮಾ ನಮಾಜು ಮುಗಿದು ಜನ ಹೊರಗೆ ಬರುತ್ತಿದ್ದರು. ಚಪ್ಪಲಿ ಗೂಡಿನ ಮುಂದೆ ಆಫ್ರಿಕಾದವರು, ಇಂಡೋನೇಷ್ಯಾದವರು, ಪಾಕಿಸ್ತಾನದವರು, ಬೆನ್ನಿಗೆ ಚೀಲ ಹಾಕಿಕೊಂಡ ಕಾಲೇಜು ಹುಡುಗರು ತಮ್ಮ ತಮ್ಮ ಜೋಡು ಹುಡುಕುತ್ತಿದ್ದರು. ಅಂಗಳದಲ್ಲಿ ನಿಂತಿದ್ದ ಬಿಳಿ ಗಡ್ಡದ ಹಿರಿಯರೊಬ್ಬರು ನನ್ನ ಮುಖ ನೋಡಿ ಇಂಗ್ಲಿಷಿನಲ್ಲಿ ಕೇಳಿದರು: “ಇಂಡಿಯಾದವರಾ?” ಹೌದೆಂದೆ. ಮುಸ್ಲಿಮನಲ್ಲ, ಕಟ್ಟಡ ನೋಡಲು ಬಂದೆ ಎಂದೂ ಹೇಳಿದೆ. “ಯಾರಾದರೇನು, ಒಳಗೆ ಬನ್ನಿ. ಇದನ್ನು ಕಟ್ಟಿದವರಲ್ಲಿ ನಿಮ್ಮ ದೇಶದವರೂ ಇದ್ದರು. ನಮ್ಮವರು ಬಂದದ್ದು ಆಮೇಲೆ,” ಎಂದರು. ಅವರ ತಂದೆ ಎರಡನೇ ಮಹಾಯುದ್ಧದ ನಂತರ ಬೋಸ್ನಿಯಾದಿಂದ ಹಡಗು ಹತ್ತಿ ಬಂದವರಂತೆ.

ಒಳಗೆ ಗೋಡೆಯಿಂದ ಗೋಡೆಗೆ ರತ್ನಗಂಬಳಿ. ನಮಾಜಿನ ಸಾಲುಗಳು ಪಶ್ಚಿಮಕ್ಕೆ ಮುಖ ಮಾಡಿ, ತುಸು ಬಡಗಣಕ್ಕೆ ವಾಲಿದ್ದವು. ಹುಬ್ಬಳ್ಳಿಯ ಮಸೀದಿಯಲ್ಲೂ ಹೆಚ್ಚುಕಡಿಮೆ ಇದೇ ದಿಕ್ಕು. ಭೂಗೋಳದ ತಳಬದಿಗೆ ಬಂದರೂ ಮೆಕ್ಕಾ ಇರುವ ದಿಕ್ಕು ನಮ್ಮೂರಿನಲ್ಲಿದ್ದಂತೆಯೇ ಇದ್ದದ್ದು ನನಗೆ ಸೋಜಿಗ ಎನಿಸಿತು. ಕರಾಚಿಯಿಂದ ಬಂದ ಒಂಟೆಯವರಿಗೂ ದಿಕ್ಕಿನ ವಿಷಯದಲ್ಲಿ ಹೆಚ್ಚು ತೊಡಕಾಗಿರಲಿಕ್ಕಿಲ್ಲ. ಸಂಜೆ ಸೂರ್ಯ ಎಲ್ಲಿ ಇಳಿಯುತ್ತಾನೋ ಅದರ ಆಸುಪಾಸಿಗೆ ತಿರುಗಿ ನಿಂತರೆ ಸಾಕು.

ಒಂಟೆ ಹೊಡೆಯುವವರು ಈ ಊರಿಗೆ ಬಂದದ್ದಾದರೂ ಹೇಗೆ? ಆಸ್ಟ್ರೇಲಿಯಾದ ನಡುನಾಡು ಕಲ್ಲು, ಕೆಂಪು ಮರಳು ಮತ್ತು ಉಪ್ಪಿನ ಕೆರೆಗಳ ಬೆಂಗಾಡು. ಕರಾವಳಿಯಲ್ಲಿ ನೆಲೆಸಿದ ಬ್ರಿಟಿಷರು ಒಳನಾಡಿಗೆ ಕಾಲಿಟ್ಟಾಗ ಅವರ ಕುದುರೆಗಳೂ ಎತ್ತುಗಳೂ ನೀರಿಲ್ಲದೆ ಬಿದ್ದು ಸತ್ತವು. ಆಗ ಅವರ ಕಣ್ಣು ಭಾರತದ ಕಡೆ ಹೊರಳಿತು. 1860ರಲ್ಲಿ ಬರ್ಕ್ ಮತ್ತು ವಿಲ್ಸ್ ಎಂಬವರು ಮೆಲ್ಬರ್ನಿನಿಂದ ಖಂಡವನ್ನು ಉತ್ತರಕ್ಕೆ ದಾಟಲು ಹೊರಟಾಗ ಕರಾಚಿಯಿಂದ 24 ಒಂಟೆಗಳನ್ನೂ ಅವುಗಳನ್ನು ಸಾಕಬಲ್ಲ ಆಳುಗಳನ್ನೂ ತರಿಸಿಕೊಂಡಿದ್ದರು. ಆ ಯಾತ್ರೆ ದುರಂತದಲ್ಲಿ ಮುಗಿಯಿತು. ಬರ್ಕ್, ವಿಲ್ಸ್ ಇಬ್ಬರೂ ಮರಳಿ ಬರಲಿಲ್ಲ. ಆದರೆ ಈ ನೆಲಕ್ಕೆ ಒಂಟೆಯೇ ಸರಿ ಎಂಬುದು ಎಲ್ಲರಿಗೂ ಮನವರಿಕೆಯಾಗಿತ್ತು. 1865ರ ಕೊನೆಯಲ್ಲಿ ಥಾಮಸ್ ಎಲ್ಡರ್ ಎಂಬ ದೊಡ್ಡ ವ್ಯಾಪಾರಿ ತರಿಸಿದ ನೂರಕ್ಕೂ ಹೆಚ್ಚು ಒಂಟೆಗಳು ಪೋರ್ಟ್ ಅಗಸ್ಟಾ ಬಂದರಿನಲ್ಲಿ ಇಳಿದವು. ಅವುಗಳ ಜೊತೆ 31 ಮಂದಿ ಇದ್ದರು. ಬೆಲ್ಟಾನಾ ಎಂಬಲ್ಲಿ ಎಲ್ಡರ್ ಒಂಟೆಗಳ ತಳಿ ಬೆಳೆಸತೊಡಗಿದ.

ಮುಂದಿನ ಅರ್ಧ ಶತಮಾನದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಒಂಟೆಯವರು ಬಂದರು. ಬಿಳಿಯರು ಅವರನ್ನೆಲ್ಲ ಒಟ್ಟಾಗಿ ‘ಆಫ್ಘನ್’ ಎಂದರು. ಬಂದವರಲ್ಲಿ ಆಫ್ಘನ್ನರೂ ಇದ್ದರು, ಪೇಶಾವರದ ಪಠಾಣರೂ, ಬಲೂಚಿಗಳೂ, ಸಿಂಧಿಗಳೂ, ಪಂಜಾಬಿಗಳೂ ಇದ್ದರು. ಬಹುಪಾಲು ಮುಸ್ಲಿಮರು. ಹೆಚ್ಚಿನವರು ಬಂದದ್ದು ಮೂರು ವರ್ಷಗಳ ಕರಾರಿನ ಮೇಲೆ, ಒಂಟಿಯಾಗಿ, ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು.

ಅವರು ಹೊತ್ತು ಸಾಗಿಸಿದ್ದನ್ನು ಪಟ್ಟಿ ಮಾಡಿದರೆ ಒಳನಾಡಿನ ಬದುಕಿನ ಲೆಕ್ಕವೇ ಸಿಗುತ್ತದೆ: ಹಿಟ್ಟು, ಚಹಾ, ಸಕ್ಕರೆ, ನೀರು, ತಗಡು, ಬೇಲಿಯ ತಂತಿ, ಗಣಿಯ ಯಂತ್ರ, ಟಪಾಲು. ಬರುವಾಗ ಉಣ್ಣೆಯ ಪಿಂಡಿ. ಬಲಿತ ಗಂಡೊಂಟೆಯೊಂದು ನಾನೂರು ಕಿಲೋಗೂ ಹೆಚ್ಚು ಹೇರು ಹೊತ್ತು ನಡೆಯುತ್ತಿತ್ತು. ಅಡಿಲೇಡಿನಿಂದ ಡಾರ್ವಿನ್ನಿನವರೆಗೆ ಸುಮಾರು 3,200 ಕಿಲೋಮೀಟರ್ ಉದ್ದದ ಟೆಲಿಗ್ರಾಫ್ ತಂತಿಯನ್ನು 1870ರಿಂದ 72ರೊಳಗೆ ಎಳೆದು ಮುಗಿಸಿದರಲ್ಲ, ಆ ಕೆಲಸಕ್ಕೂ ಒಂಟೆಗಳು ಸಾಮಾನು ಹೊತ್ತವು. ಲಂಡನ್ನಿಂದ ಹೊರಟ ಸುದ್ದಿ ಹಡಗಿನಲ್ಲಿ ತಿಂಗಳುಗಟ್ಟಲೆ ತೇಲುವ ಬದಲು ಗಂಟೆಗಳಲ್ಲಿ ಅಡಿಲೇಡ್ ತಲುಪಲು ಸಾಧ್ಯವಾದದ್ದರ ಹಿಂದೆ ಅವರ ದುಡಿಮೆಯೂ ಇದೆ.

ತಿಂಗಳುಗಟ್ಟಲೆ ಮರಳಲ್ಲಿ ನಡೆದವರಿಗೆ ಅಡಿಲೇಡಿನ ಈ ಮಸೀದಿ ಊರಿಗೆ ಹೋದಷ್ಟೇ ಸಮಾಧಾನ ಕೊಡುವ ಜಾಗವಾಯಿತು. ರಂಜಾನಿಗೆ, ಈದಿಗೆ ದೂರದ ಗಣಿ ಊರುಗಳಿಂದ ಒಂಟೆಯವರು ಬಂದು ಸೇರುತ್ತಿದ್ದರು. ಮಸೀದಿಗೆ ಹೊಂದಿಕೊಂಡೇ ಪುಟ್ಟ ಮನೆಗಳಿದ್ದವು. ಕೆಲಸ ಬಿಟ್ಟವರು, ಕಾಯಿಲೆ ಬಿದ್ದವರು, ಊರಿಗೆ ಮರಳುವ ಹಡಗಿಗಾಗಿ ಕಾಯುವವರು ಅಲ್ಲಿ ಉಳಿಯುತ್ತಿದ್ದರು. ನಮಾಜಿನ ಜಾಗವೂ ಅದೇ, ಧರ್ಮಛತ್ರವೂ ಅದೇ.

1901ರಲ್ಲಿ ಆಸ್ಟ್ರೇಲಿಯಾದ ಆರು ವಸಾಹತುಗಳು ಸೇರಿ ಒಂದು ದೇಶವಾದವು. ಹೊಸ ಸಂಸತ್ತು ಮೊದಲ ವರ್ಷವೇ ಮಾಡಿದ ಕಾನೂನುಗಳಲ್ಲಿ ಒಂದು ವಲಸೆ ನಿರ್ಬಂಧ ಕಾಯ್ದೆ. ಒಳಬರುವವನಿಗೆ ಯಾವುದೋ ಯುರೋಪಿನ ಭಾಷೆಯಲ್ಲಿ 50 ಪದಗಳ ಉಕ್ತಲೇಖನ ಕೊಡುವುದು, ಬರೆಯಲಾರದವನನ್ನು ಹೊರಗಟ್ಟುವುದು. ಇದು ಬಿಳಿಯರಲ್ಲದವರನ್ನು ತಡೆಯಲು ಹೂಡಿದ ಉಪಾಯ. ಯಾವ ಭಾಷೆ ಎಂಬುದನ್ನು ಆರಿಸುವವನು ಅಧಿಕಾರಿ. 1903ರ ಕಾಯ್ದೆ ಏಷ್ಯಾದವರಿಗೆ ಪೌರತ್ವದ ಬಾಗಿಲನ್ನೂ ಮುಚ್ಚಿತು. ಮಸೀದಿಗೆ ಮಿನಾರು ಎದ್ದದ್ದೂ ಅದೇ 1903ರಲ್ಲಿ. ನೀವು ಇಲ್ಲಿಯವರಲ್ಲ ಎಂದು ಸರ್ಕಾರ ಬರೆದುಕೊಟ್ಟ ವರ್ಷವೇ ಅವರು ನಾಲ್ಕು ಮಿನಾರು ನಿಲ್ಲಿಸಿದರು.

ಊರಿಗೆ ಹೋಗಿ ಹೆಂಡತಿ ಮಕ್ಕಳನ್ನು ನೋಡಿ ಬರಬೇಕೆಂದರೆ ಮುಂಚೆಯೇ ಅರ್ಜಿ ಹಾಕಿ ಉಕ್ತಲೇಖನದಿಂದ ವಿನಾಯಿತಿ ಪತ್ರ ಪಡೆಯಬೇಕಿತ್ತು. ಅಂಥ ಪತ್ರಗಳು ಆಸ್ಟ್ರೇಲಿಯಾದ ರಾಷ್ಟ್ರೀಯ ಪತ್ರಾಗಾರದಲ್ಲಿ ರಾಶಿಗಟ್ಟಲೆ ಉಳಿದಿವೆ. ಪ್ರತಿ ಪತ್ರದಲ್ಲೂ ಒಂದು ಫೋಟೋ ಎದುರಿನಿಂದ ತೆಗೆದದ್ದು, ಇನ್ನೊಂದು ಪಕ್ಕದಿಂದ. ಜೊತೆಗೆ ಕಪ್ಪು ಶಾಯಿಯಲ್ಲಿ ಒತ್ತಿಸಿಕೊಂಡ ಅಂಗೈ. ಪೇಟ ಸುತ್ತಿ, ಗಡ್ಡ ಬಾಚಿ, ಒಳ್ಳೆಯ ಕೋಟು ತೊಟ್ಟು ಸ್ಟುಡಿಯೋಗೆ ಹೋದವರ ಚಿತ್ರಗಳವು. ಚಿತ್ರದಲ್ಲಿ ಮರ್ಯಾದಸ್ಥ ವ್ಯಾಪಾರಿ, ಅಂಗೈ ಗುರುತಿನಲ್ಲಿ ಮಾತ್ರ ಅವನು ಕೈದಿ. ಹಗ್ಗ ಹಿಡಿದು ಸವೆದ ಅಂಗೈಯ ಗೆರೆಗಳು ನೂರು ವರ್ಷದ ನಂತರವೂ ಅಚ್ಚಳಿಯದೆ ಕಾಣುತ್ತವೆ.

ಕಾನೂನು ಮಾಡಿ ಉಳಿಸಿದ ಕೆಲಸವನ್ನು ರೈಲು ಮುಗಿಸಿತು. ಆ ರೈಲಿನ ಹಳಿ, ಮರದ ದಿಮ್ಮಿ, ಕೂಲಿಯವರ ರೇಷನ್ನು ಹೊತ್ತದ್ದೂ ಒಂಟೆಗಳೇ. ಪೋರ್ಟ್ ಅಗಸ್ಟಾದಿಂದ ಉತ್ತರಕ್ಕೆ ಹೊರಟ ಹಳಿ 1891ರಲ್ಲಿ ಊಡ್ನಡಾಟಾ ಮುಟ್ಟಿತು, 1929ರಲ್ಲಿ ಆಲಿಸ್ ಸ್ಪ್ರಿಂಗ್ಸ್. ಆ ರೈಲಿಗೆ ‘ಘಾನ್’ ಎಂಬ ಹೆಸರು ಬಂದದ್ದು ಈ ಆಫ್ಘನ್ನರಿಂದಲೇ ಎಂದು ಜನ ಹೇಳುತ್ತಾರೆ. ಈಗ ಅದು ಅಡಿಲೇಡಿನಿಂದ ಡಾರ್ವಿನ್ನಿಗೆ ಓಡುವ ಐಷಾರಾಮಿ ಪ್ರವಾಸಿ ರೈಲು, ಲಾಂಛನದಲ್ಲಿ ಒಂಟೆ ಮತ್ತು ಸವಾರ. ನಮ್ಮಲ್ಲೂ ಹೀಗೇ ಆಗಿದೆ. ಹೇರೆತ್ತುಗಳ ಮೇಲೆ ಉಪ್ಪು, ದವಸ ಸಾಗಿಸುತ್ತ ದಕ್ಷಿಣದ ಉದ್ದಗಲಕ್ಕೂ ನಡೆದಾಡಿದ ಲಂಬಾಣಿಗಳ ಕಸುಬನ್ನು ಬ್ರಿಟಿಷರ ರೈಲು ಮತ್ತು ಉಪ್ಪಿನ ಕಾನೂನು ಸೇರಿ ಮುಳುಗಿಸಿದವು. ದಾರಿ ಮಾಡಿಕೊಟ್ಟವರನ್ನೇ ದಾರಿಯಿಂದ ಬದಿಗೆ ಸರಿಸುವುದು ಹೊಸದೇನಲ್ಲ.

ಲಾರಿಗಳು ಬಂದ ಮೇಲೆ ಒಂಟೆ ದಂಡವಾಯಿತು. 1925ರಲ್ಲಿ ದಕ್ಷಿಣ ಆಸ್ಟ್ರೇಲಿಯಾ ‘ಒಂಟೆ ನಾಶ ಕಾಯ್ದೆ’ಯನ್ನೇ ಮಾಡಿತು. ಬಿಡಾಡಿ ಒಂಟೆಗಳನ್ನು ಗುಂಡಿಕ್ಕಬಹುದು ಎಂದಾಯಿತು. ಮಕ್ಕಳಂತೆ ಸಾಕಿದ್ದನ್ನು ಕೊಲ್ಲಲು ಮನಸ್ಸು ಬಾರದೆ ಎಷ್ಟೋ ಒಂಟೆಯವರು ರಾತ್ರೋರಾತ್ರಿ ಅವನ್ನು ಬೆಂಗಾಡಿಗೆ ಬಿಟ್ಟರು. ಅವುಗಳ ಸಂತತಿ ಈಗ ಲಕ್ಷಗಟ್ಟಲೆ. 2020ರ ಬರಗಾಲದಲ್ಲಿ ಇದೇ ರಾಜ್ಯದ ವಾಯವ್ಯ ಭಾಗದಲ್ಲಿ ಹೆಲಿಕಾಪ್ಟರಿನಿಂದ ಸಾವಿರಾರು ಒಂಟೆಗಳನ್ನು ಹೊಡೆದದ್ದನ್ನು ನಮ್ಮ ಪತ್ರಿಕೆಗಳಲ್ಲೂ ಓದಿದ್ದೆವು.

ಒಂಟೆ ಕಳೆದುಕೊಂಡವರು ಎಲ್ಲಿ ಹೋದರು? ಕೆಲವರು ಊರಿಗೆ ಮರಳಿದರು. ಕೆಲವರು ಇಲ್ಲಿನ ಮೂಲನಿವಾಸಿ ಹೆಣ್ಣುಗಳನ್ನೋ ಬಿಳಿಯ ಹೆಣ್ಣುಗಳನ್ನೋ ಮದುವೆಯಾಗಿ ಮಾರ್ರೀಯಂಥ ರೈಲ್ವೆ ಊರುಗಳಲ್ಲಿ ನಿಂತರು. ಯಾರೂ ಇಲ್ಲದವರು ಲಿಟಲ್ ಗಿಲ್ಬರ್ಟ್ ಸ್ಟ್ರೀಟಿಗೆ ಬಂದರು. ರಾಜ್ಯ ಗ್ರಂಥಾಲಯದ ಸಂಗ್ರಹದಲ್ಲಿ 1930ರ ದಶಕದ ಕೆಲವು ಫೋಟೋಗಳಿವೆ: ಮಸೀದಿಯ ಅಂಗಳ, ಪೇಟ ಸುತ್ತಿದ ಮುದುಕರು. ಎಳೆಯ ಮುಖ ಒಂದೂ ಇಲ್ಲ. ಮಕ್ಕಳಿಲ್ಲದ ಜಮಾತು ಅದು.

ಆ ಕಾಲದಲ್ಲಿ ಅಡಿಲೇಡಿನ ಜನಕ್ಕೆ ಚೆನ್ನಾಗಿ ಗೊತ್ತಿದ್ದ ಹೆಸರು ಮಹಮ್ಮದ್ ಅಲ್ಲಮ್. ಇವರೂ ಮೊದಲು ಒಂಟೆಯವರು. ಆಮೇಲೆ ಇಲ್ಲೇ ಹತ್ತಿರದ ಸ್ಟರ್ಟ್ ಸ್ಟ್ರೀಟಿನ ಮನೆಯಲ್ಲಿ ಗಿಡಮೂಲಿಕೆ ಔಷಧಿ ಕೊಡತೊಡಗಿದರು. ಬಡವರ ಬಳಿ ಕಾಸು ಮುಟ್ಟುತ್ತಿರಲಿಲ್ಲ. ಮನೆ ಮುಂದೆ ಬಿಳಿಯರ ಸಾಲು ನಿಲ್ಲುತ್ತಿತ್ತು. 1935ರಲ್ಲಿ ವೈದ್ಯನೆಂದು ಸೋಗು ಹಾಕಿದ ಆರೋಪದ ಮೇಲೆ ನ್ಯಾಯಾಲಯ ದಂಡ ಹಾಕಿತು. ವಾಸಿಯಾದವರು ಅವರ ಪರವಾಗಿ ನಿಂತರು. ಅಲ್ಲಮ್ ಔಷಧಿ ಕೊಡುವುದನ್ನು ಬಿಡಲಿಲ್ಲ. 1964ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು.

1950ರ ಹೊತ್ತಿಗೆ ಮಸೀದಿಯಲ್ಲಿ ಉಳಿದಿದ್ದವರು ಎಂಬತ್ತು ದಾಟಿದ ಬೆರಳೆಣಿಕೆಯ ಮುದುಕರು. ಇನ್ನು ಹತ್ತು ವರ್ಷ ಹಾಗೇ ಕಳೆದಿದ್ದರೆ ಬಾಗಿಲಿಗೆ ಬೀಗ ಬೀಳುತ್ತಿತ್ತೋ ಏನೋ. ಅಷ್ಟರಲ್ಲಿ ಯುದ್ಧದಿಂದ ನೆಲೆ ತಪ್ಪಿದ ಯುರೋಪಿನವರನ್ನು ಆಸ್ಟ್ರೇಲಿಯಾ ಕರೆಸಿಕೊಳ್ಳತೊಡಗಿತು. ಬೇಕಾದದ್ದು ಬಿಳಿಯರು. ಬಂದ ಬಿಳಿಯರಲ್ಲಿ ಬೋಸ್ನಿಯಾದ ಮುಸ್ಲಿಮರೂ ಇದ್ದರು! ಬಣ್ಣ ನೋಡಿ ತಡೆಯುತ್ತಿದ್ದ ಕಾನೂನು ಧರ್ಮ ಕೇಳುವುದನ್ನು ಮರೆತಿತ್ತು. ಆ ಹೊಸಬರು ಶುಕ್ರವಾರದ ನಮಾಜಿಗೆ ಜಾಗ ಹುಡುಕುತ್ತ ಈ ಓಣಿಗೆ ಬಂದರು. ಪೇಟದ ಮುದುಕರಿಗೂ ಕೋಟು ತೊಟ್ಟ ಯುವಕರಿಗೂ ಸಾಮಾನ್ಯವಾದ ಮಾತೃಭಾಷೆ ಇರಲಿಲ್ಲ. ನಮಾಜಿನ ಅರಬ್ಬಿ ಇತ್ತು, ಅಷ್ಟು ಸಾಕಾಯಿತು. ಹಿರಿಯರು ಒಬ್ಬೊಬ್ಬರಾಗಿ ತೀರಿಕೊಂಡಾಗ ಹೆಗಲು ಕೊಡಲು ಗಂಡುಮಕ್ಕಳು ಸಿಕ್ಕರು. ಮಸೀದಿಗೆ ವಾರಸುದಾರರು ಸಿಕ್ಕರು. ಅವರ ಹಿಂದೆ ಲೆಬನಾನಿನವರು, ತುರ್ಕರು, ಮಲಯದ ವಿದ್ಯಾರ್ಥಿಗಳು, ಕೊನೆಗೆ ಮತ್ತೆ ಆಫ್ಘನ್ನರೇ, ಈ ಸಲ ಯುದ್ಧದಿಂದ ಓಡಿ ನಿರಾಶ್ರಿತರಾಗಿ.

ಇಂಥ ವಾರಸುದಾರರು ಸಿಗದೇ ಹೋದ ಮಸೀದಿಯ ಗತಿ ಏನು? ಅದನ್ನು ನೋಡಲೆಂದೇ ಬ್ರೋಕನ್ ಹಿಲ್‌ಗೆ ಹೊರಟೆ. ಅಡಿಲೇಡಿನಿಂದ ಈಶಾನ್ಯಕ್ಕೆ ಐನೂರು ಕಿಲೋಮೀಟರಿಗೂ ಹೆಚ್ಚು. ಬರ್ರಾ ದಾಟುತ್ತಲೇ ಗೋಧಿ ಹೊಲ ಮುಗಿಯುತ್ತದೆ. ಆಮೇಲೆ ಮೊಣಕಾಲೆತ್ತರದ ಬೂದಿ ಬಣ್ಣದ ಪೊದೆ, ಕೆಂಪು ಮಣ್ಣು, ಅಲ್ಲೊಂದು ಇಲ್ಲೊಂದು ಪೆಟ್ರೋಲ್ ಬಂಕು. ಬ್ರೋಕನ್ ಹಿಲ್ ನ್ಯೂ ಸೌತ್ ವೇಲ್ಸ್ ರಾಜ್ಯದ ಊರು, ಗಡಿಯಾರ ಮಾತ್ರ ಅಡಿಲೇಡಿನದು. ಬೆಳ್ಳಿ, ಸೀಸ, ಸತುವಿನ ಗಣಿ. ಜಗತ್ತಿನ ದೊಡ್ಡ ಗಣಿ ಕಂಪನಿ ಬಿಎಚ್‌ಪಿ ಹುಟ್ಟಿದ್ದು ಇಲ್ಲಿ, 1885ರಲ್ಲಿ. ಊರಿನ ನಡುವೆಯೇ ಗಣಿಯ ಕಪ್ಪು ತ್ಯಾಜ್ಯದ ಗುಡ್ಡ.

ಊರಿನ ಉತ್ತರ ಅಂಚಿನಲ್ಲಿ, ಒಂದು ಕಾಲದಲ್ಲಿ ಒಂಟೆ ಬಿಡಾರವಿದ್ದ ಜಾಗದಲ್ಲಿ, ಕೆಂಪು ಬಣ್ಣ ಬಳಿದ ತಗಡಿನ ಶೆಡ್ಡು. ಮಿನಾರಿಲ್ಲ, ಗುಂಬಜವಿಲ್ಲ. ನಮ್ಮೂರಲ್ಲಾದರೆ ಗೊಬ್ಬರದ ಗೋದಾಮು ಎಂದು ದಾಟಿ ಹೋಗಬೇಕು. ಇದೂ 1890ರ ಆಸುಪಾಸಿನದೇ. ಅಂಗಳದಲ್ಲಿ ಕೈಕಾಲು ತೊಳೆಯಲು ನೆಲದಲ್ಲಿ ಕಟ್ಟಿದ ಉದ್ದನೆಯ ಕಾಲುವೆ, ಈಗ ಒಣಗಿದೆ. ಒಳಗಿನ ಮೊದಲ ಕೋಣೆಯಲ್ಲಿ ಒಂಟೆಯ ಜೀನು, ಮೂಗಿಗೆ ಚುಚ್ಚುವ ಮರದ ಕಡ್ಡಿ, ಹಳೆಯ ಫೋಟೋಗಳು. ಇಲ್ಲಿ ನಮಾಜು ನಿಂತು ದಶಕಗಳಾಗಿವೆ. ಬಿದ್ದುಹೋಗಲಿದ್ದ ಕಟ್ಟಡವನ್ನು ಉಳಿಸಿದ್ದು ಊರಿನ ಇತಿಹಾಸ ಸಂಘ. ಇವತ್ತಿಗೂ ಬಾಗಿಲು ತೆಗೆದು ತೋರಿಸುವವರು ಅದರ ಸದಸ್ಯರು.

ಈ ಊರಿಗೆ ಮರೆಯಲಾಗದ ಒಂದು ಗಾಯವೂ ಇದೆ. 1915ರ ಜನವರಿ 1ರಂದು ಗುಲ್ ಮಹಮ್ಮದ್ ಎಂಬ ಐಸ್‌ಕ್ರೀಂ ಮಾರುವವನೂ ಮುಲ್ಲಾ ಅಬ್ದುಲ್ಲಾ ಎಂಬ ಕಟುಕನೂ ತುರ್ಕಿಯ ಬಾವುಟ ಕಟ್ಟಿಕೊಂಡು ಹೊಸ ವರ್ಷದ ಪಿಕ್‌ನಿಕ್ಕಿಗೆ ಹೊರಟಿದ್ದ ರೈಲಿನ ಮೇಲೆ ಗುಂಡು ಹಾರಿಸಿದರು. ಅವರಿಬ್ಬರೂ ಸೇರಿ ಆರು ಜನ ಸತ್ತರು. ತುರ್ಕಿಯ ಮೇಲಿನ ಯುದ್ಧದ ಸಿಟ್ಟು ಒಂದು ಕಡೆ, ಲೈಸೆನ್ಸಿಲ್ಲದೆ ಕುರಿ ಕೊಯ್ದದ್ದಕ್ಕೆ ದಂಡ ತೆತ್ತ ಮುಲ್ಲಾನ ಸಿಟ್ಟು ಇನ್ನೊಂದು ಕಡೆ. ಆ ರಾತ್ರಿ ಉದ್ರಿಕ್ತ ಜನ ಜರ್ಮನ್ ಕ್ಲಬ್ಬಿಗೆ ಬೆಂಕಿ ಇಟ್ಟರು, ಬಳಿಕ ಒಂಟೆ ಬಿಡಾರದ ಕಡೆ ನುಗ್ಗಿದರು. ಪೊಲೀಸರೂ ಸೈನಿಕರೂ ಅಡ್ಡ ನಿಂತು ತಡೆದರು. ಇಬ್ಬರ ಪಾಪಕ್ಕೆ ಬಿಡಾರದವರೆಲ್ಲ ಬೆಲೆ ತೆರುವುದು ಸ್ವಲ್ಪದರಲ್ಲಿ ತಪ್ಪಿತು.

ಆ ಮಸೀದಿಯಲ್ಲಿ ಉಳಿದ ವಸ್ತುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ದಪ್ಪ ಪುಸ್ತಕದ ಕಥೆ. ಬಹುಕಾಲ ಅದನ್ನು ಕುರಾನ್ ಎಂದೇ ನಂಬಲಾಗಿತ್ತು. ಬಾಂಗ್ಲಾದೇಶ ಮೂಲದ ಇತಿಹಾಸಕಾರ್ತಿ ಸಾಮಿಯಾ ಖಾತೂನ್ ಇಲ್ಲಿಗೆ ಬಂದು ತೆರೆದು ನೋಡಿದರೆ ಅದು ಕುರಾನ್ ಆಗಿರಲಿಲ್ಲ. 1895ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾದ ‘ಕಸಸೊಲ್ ಅಂಬಿಯಾ’ ಎಂಬ ಬಂಗಾಳಿ ಪದ್ಯಗ್ರಂಥ, ಪ್ರವಾದಿಗಳ ಕಥೆಗಳು. ಒಬ್ಬರು ರಾಗವಾಗಿ ಓದುವುದು, ಉಳಿದವರು ಸುತ್ತ ಕೂತು ಕೇಳುವುದು ಬಂಗಾಳದ ಇಂಥ ಪುಥಿಗಳ ರೂಢಿ. ಅಂದರೆ ಈ ಬೆಂಗಾಡಿನಲ್ಲೂ ಬಂಗಾಳಿ ಬಲ್ಲ ಯಾರೋ ಇದ್ದರು, ಹಗಲು ದುಡಿದು ರಾತ್ರಿ ಕಥೆ ಕೇಳುವವರಿದ್ದರು. ಖಾತೂನ್ ಈ ಪುಸ್ತಕದ ಜಾಡು ಹಿಡಿದು ‘ಆಸ್ಟ್ರೇಲಿಯನಾಮಾ’ ಎಂಬ ಇತಿಹಾಸ ಗ್ರಂಥವನ್ನು 2018ರಲ್ಲಿ ಪ್ರಕಟಿಸಿದರು. ಕಾಪಾಡಿದವರು ಪ್ರೀತಿಯಿಂದಲೇ ಕಾಪಾಡಿದ್ದರು. ಓದಬಲ್ಲವರು ಬರುವವರೆಗೆ ಮಾತ್ರ ಅದು ಏನೆಂದು ಯಾರಿಗೂ ತಿಳಿಯಲಿಲ್ಲ.

ಎರಡು ಮಸೀದಿಗಳ ನಡುವಿನ ವ್ಯತ್ಯಾಸವೂ ಇಷ್ಟೇ ಎನಿಸುತ್ತದೆ. ಬ್ರೋಕನ್ ಹಿಲ್ಲಿನದನ್ನು ಅನ್ಯಧರ್ಮೀಯರು ಗೌರವದಿಂದ ಉಳಿಸಿಕೊಂಡಿದ್ದಾರೆ, ಅದು ದೊಡ್ಡ ಮಾತು. ಅಡಿಲೇಡಿನದನ್ನು ಬಳಸುವವರು ಉಳಿಸಿದ್ದಾರೆ. ಕಟ್ಟಿದವರ ರಕ್ತ ಸಂಬಂಧಿಗಳು ಅಲ್ಲಿ ಬಹುಮಟ್ಟಿಗೆ ಇಲ್ಲ. ಬೋಸ್ನಿಯಾದ ಹಿರಿಯರಿಗೂ ಪೇಶಾವರದ ಮುದುಕರಿಗೂ ಯಾವ ನಂಟೂ ಇರಲಿಲ್ಲ. ಆದರೂ ಮಾಡು ಸೋರಿದಾಗ ರಿಪೇರಿ ಮಾಡಿಸಿದವರು, ರಂಜಾನಿಗೆ ಅಡುಗೆ ಬೇಯಿಸಿದವರು, ಮಣ್ಣಿಗೆ ಹೋದವರು ಇವರೇ. ವಾರಸುದಾರಿಕೆ ಎಂಬುದು ಹುಟ್ಟಿನಿಂದ ಮಾತ್ರ ಬರುವುದಿಲ್ಲ, ಕಸ ಗುಡಿಸುವುದರಿಂದಲೂ ಬರುತ್ತದೆ.

ಅಡಿಲೇಡಿನಲ್ಲಿ ಈಗ ಕನ್ನಡದ ಮನೆಗಳು ಕಡಿಮೆಯೇನಿಲ್ಲ. ಮಗನನ್ನೋ ಮಗಳನ್ನೋ ನೋಡಲು ಹೋಗುವ ತಂದೆತಾಯಿಗಳು ಕಡಲತೀರ, ದ್ರಾಕ್ಷಿ ತೋಟ, ಕಾಂಗರೂ ನೋಡಿ ಬರುತ್ತಾರೆ. ಲಿಟಲ್ ಗಿಲ್ಬರ್ಟ್ ಸ್ಟ್ರೀಟಿಗೂ ಒಂದು ಗಂಟೆ ಇಟ್ಟುಕೊಳ್ಳಿ. ನಮಾಜಿನ ಹೊತ್ತು ಬಿಟ್ಟು ಹೋಗಿ, ಕೇಳಿ ಒಳಗೆ ಕಾಲಿಡಿ. ವೀಸಾ, ಪಿ.ಆರ್., ಪೌರತ್ವ ಎಂದು ನಮ್ಮ ಮಕ್ಕಳು ಇಂದು ಸಾಲಿನಲ್ಲಿ ನಿಲ್ಲುವ ದೇಶಕ್ಕೆ ನಮ್ಮ ಕಡೆಯಿಂದ ಮೊದಲು ಹೋಗಿ ದುಡಿದವರಲ್ಲಿ ಇವರೂ ಇದ್ದಾರೆ. ಅವರಿಗೆ ಆ ಕಾಗದ ಸಿಗಲಿಲ್ಲ. ಅವರು ಕಟ್ಟಿದ ಮಸೀದಿ ಮಾತ್ರ ಇವತ್ತು ರಾಜ್ಯದ ಸಂರಕ್ಷಿತ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿದೆ.